ರಂಗದ ಸದ್ದು, ಮೇಳದ ಕಿವಿ

(ಬಾನುಲಿ ಭಾಷಣದ ಬರಹರೂಪ)



ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ತಾಲ್ಲೂಕುಗಳನ್ನು ಹೊರಗಿನವರು ಸಾಮಾನ್ಯವಾಗಿ ಕಣ್ಣಿನಿಂದಲೇ ನೆನೆಯುತ್ತಾರೆ. ಕಾಳಿ ನದಿಯ ತಿರುವು, ತೇಗದ ಕಾಡು, ಸೂಪಾ ಅಣೆಕಟ್ಟೆಯ ಹಿನ್ನೀರು, ಮುಂಡಗೋಡಿನ ಟಿಬೆಟನ್ ಮಠಗಳು ಅವರ ಕಣ್ಣ ಮುಂದೆ ಬರುತ್ತವೆ. ಮೂವತ್ತಕ್ಕೂ ಹೆಚ್ಚು ವರ್ಷ ಈ ಸೀಮೆಯಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೆ ಮಾತ್ರ ಇದನ್ನು ಕಿವಿಯಿಂದ ನೆನೆಯುವ ರೂಢಿ. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಮರಗಳ ಮೇಲೆ ಹಾರಿಹೋದರೆ ಅದರ ರೆಕ್ಕೆಯ ಸದ್ದು, ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ನಮ್ಮನ್ನು ಮುಟ್ಟುತ್ತದೆ. ಹಳಿಯಾಳದ ಸಿದ್ದಿಗಳ ಡಮಾಮಿ, ಜೋಯಿಡಾದ ಕುಣಬಿಯರ ಗುಮಟೆ, ಮುಂಡಗೋಡಿನ ಮಠಗಳ ಉದ್ದನೆಯ ಕಹಳೆ, ಈ ಮೂರೂ ಒಂದು ದಿನದ ಪ್ರಯಾಣದೊಳಗೆ ಕೇಳಸಿಗುವ ನಾಡು ಇನ್ನೊಂದು ಇರಲಾರದು. ಇಂಥ ನಾಡಿನ ರಂಗದ ಮೇಲೆ ಸದ್ದು ಹೇಗೆ ಬೆಳೆಯಿತು, ಬೆಳೆದ ಸದ್ದು ಕಿವಿಯನ್ನು ಏನು ಮಾಡಿತು ಎಂಬ ಚರಿತ್ರೆಯೇ ಇಂದಿನ ನನ್ನ ಮಾತಿನ ವಿಷಯ.

ಈ ವಿಷಯಕ್ಕೆ ನನ್ನನ್ನು ಎಳೆದುತಂದದ್ದು ಯಾವ ಗ್ರಂಥವೂ ಅಲ್ಲ. ನಾನೇ ಮಾಡಿದ ಒಂದು ತಪ್ಪು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದಿನ ಮಾತು. ಬಿ.ಎ. ಕೊನೆಯ ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯಿದ್ದ. ಗಣೇಶ ಚೌತಿಯಿಂದ ಹಿಡಿದು ಬೇಸಿಗೆಯ ಜಾತ್ರೆಗಳು ಮುಗಿಯುವವರೆಗೆ ಒಂದು ಆರ್ಕೆಸ್ಟ್ರಾದಲ್ಲಿ ಡ್ರಮ್ಮು ಬಾರಿಸಿ ಮನೆಗೆ ನಾಲ್ಕು ಕಾಸು ತರುತ್ತಿದ್ದ ಹುಡುಗ. ಓದು ಚೆನ್ನಾಗಿತ್ತು, ಬರವಣಿಗೆಯಲ್ಲಿ ಮಾತ್ರ, ನಾನು ಹೇಳಿ ಬರೆಸಿದ ಕಡೆಯಲ್ಲೆಲ್ಲ ಸಕಾರ ಶಕಾರಗಳು ಅದಲುಬದಲಾಗುತ್ತಿದ್ದವು. ನಮ್ಮ ಕಡೆ ಶಾಲೆಯನ್ನು ‘ಸಾಲಿ’ ಎನ್ನುವುದು ರೂಢಿಯೇ ಆದ್ದರಿಂದ ಇದೂ ಹಾಗೆಯೇ ಎಂದು ನಾನು ಭಾವಿಸಿದೆ. ಒಂದು ದಿನ ತರಗತಿಯಲ್ಲಿ ಅವನನ್ನು ನಿಲ್ಲಿಸಿ ಎರಡೂ ಅಕ್ಷರಗಳನ್ನು ಉಚ್ಚರಿಸಿ ತೋರಿಸಿ, ಬೇರೆ ಬೇರೆಯಾಗಿ ಹೇಳು ಎಂದೆ. ಅವನು ತಲೆತಗ್ಗಿಸಿ, “ಸರ, ನೀವ ಅನ್ನೋದು ಎರಡೂ ನನಗ ಒಂದ ಕೇಳತಾವ್ರಿ” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಅದು ಉಡಾಫೆಯ ಉತ್ತರವೆಂದು ನನಗೆ ತೋರಿತ್ತು.

ಎಷ್ಟೋ ವರ್ಷಗಳ ಮೇಲೆ ಅವನು ಒಂದು ಕಾಗದ ಹಿಡಿದುಕೊಂಡು ಮನೆಗೆ ಬಂದ. ಕಿವಿಯ ಪರೀಕ್ಷೆ ಮಾಡಿಸಿದಾಗ ಕೊಟ್ಟ ನಕ್ಷೆ ಅದು. ಕೆಳಸ್ವರಗಳಿಂದ ಮೇಲುಸ್ವರಗಳ ಕಡೆಗೆ ಸಾಗುವ ಗೆರೆ ನಾಲ್ಕು ಸಾವಿರ ಕಂಪನಗಳ ಸುತ್ತ ಹಳ್ಳಕ್ಕೆ ಬಿದ್ದಂತೆ ಕುಸಿದಿತ್ತು. ಜೋರು ಸದ್ದಿನಲ್ಲಿ ಬಹುಕಾಲ ಕಳೆದವರ ಕಿವಿ ಮೊದಲು ಸೋಲುವುದು ಅಲ್ಲಿಯೇ ಎಂದು ವೈದ್ಯರು ತಿಳಿಸಿದರಂತೆ. ಸ, ಶ, ಷ, ತ, ಪ ಮೊದಲಾದ ವ್ಯಂಜನಗಳ ಚೂಪು ಕಿವಿಗೆ ತಿಳಿಯಬೇಕಾದರೆ ಆ ಮೇಲುಕಂಪನಗಳು ಬೇಕು. ಸ್ವರಾಕ್ಷರಗಳು ಕೆಳಗಿನ ಕಂಪನಗಳಲ್ಲಿ ನಿಲ್ಲುವುದರಿಂದ ಇಂಥವನಿಗೆ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಇಪ್ಪತ್ತೆರಡರ ಹುಡುಗ ಅಂದು ನಿಜವನ್ನೇ ನುಡಿದಿದ್ದ. ಕನ್ನಡದ ಮೇಷ್ಟ್ರಾದ ನಾನು ಅವನ ನಾಲಗೆಯನ್ನು ತಿದ್ದಲು ಹೊರಟಿದ್ದೆ, ಕೆಟ್ಟಿದ್ದು ಕಿವಿ.

ಇದು ಒಬ್ಬನ ಕಥೆಯಾಗಿದ್ದರೆ ನಾನು ನಿಮ್ಮೆದುರು ತರುತ್ತಿರಲಿಲ್ಲ. ಹಾಡುವವರ, ಬಾರಿಸುವವರ ಕಿವಿಗೆ ಈ ಗತಿ ಹೇಗೆ ಬಂತು ಎಂದು ಕೇಳಿಕೊಂಡರೆ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮ ಪ್ರಾಚೀನರು ರಂಗದ ಸದ್ದನ್ನು ಕುರಿತು ಯೋಚಿಸಿದ್ದರು. ಭರತನ ನಾಟ್ಯಶಾಸ್ತ್ರ ನಾಟ್ಯಮಂಟಪದ ಅಳತೆಗಳನ್ನು ಹೇಳುವಾಗ ಅರುವತ್ತನಾಲ್ಕು ಕೈ ಉದ್ದ, ಮೂವತ್ತೆರಡು ಕೈ ಅಗಲದ ಮಧ್ಯಮ ಮಂಟಪವೇ ಮನುಷ್ಯರಿಗೆ ತಕ್ಕದ್ದು ಎನ್ನುತ್ತದೆ. ಅದಕ್ಕಿಂತ ದೊಡ್ಡದಾದರೆ ಪಾತ್ರದ ಮಾತು ಅಸ್ಪಷ್ಟವಾಗುತ್ತದೆ, ಮುಖದ ಭಾವ ಕಾಣದೆ ಹೋಗುತ್ತದೆ ಎಂಬುದು ಅದು ಕೊಡುವ ಕಾರಣ. ಇಲ್ಲಿ ಗಮನಿಸಬೇಕಾದದ್ದು, ಮಂಟಪವನ್ನು ಕಂಠಕ್ಕೆ ಹೊಂದಿಸಿದರೇ ಹೊರತು ಕಂಠವನ್ನು ಮಂಟಪಕ್ಕೆ ಹಿಗ್ಗಿಸಲಿಲ್ಲ. ಮನುಷ್ಯದೇಹವೇ ಅಲ್ಲಿ ಅಳತೆಗೋಲು.

ನಮ್ಮ ಜನಪದ ರಂಗಕ್ಕೆ ಮಂಟಪವಿರಲಿಲ್ಲ, ನಿಜ. ಬಯಲಿನಲ್ಲಿ ಅಟ್ಟ ಕಟ್ಟಿ ರಾತ್ರಿಯಿಡೀ ಆಡುವ ದೊಡ್ಡಾಟಕ್ಕೆ ದೊಡ್ಡ ಕಂಠವೇ ಬೇಕಿತ್ತು. ಅಲ್ಲಿಯೂ ಒಂದು ಲೆಕ್ಕವಿತ್ತು. ಹಿಮ್ಮೇಳ ಹಾಡುವಾಗ ಪಾತ್ರ ಕುಣಿಯುತ್ತದೆ. ಪಾತ್ರ ಮಾತಾಡುವಾಗ ಮದ್ದಳೆ ತಾಳಗಳು ಸುಮ್ಮನಾಗುತ್ತವೆ. ಕರಾವಳಿಯ ಯಕ್ಷಗಾನದಲ್ಲಿಯೂ ಚಂಡೆ ಇಡೀ ರಾತ್ರಿ ಗುಡುಗುವುದಿಲ್ಲ. ಯುದ್ಧಕ್ಕೆ, ವೀರದ ಪ್ರವೇಶಕ್ಕೆ ಅದರ ಸರದಿ. ಸದ್ದಿಗೆ ಸರದಿಯಿದ್ದುದರಿಂದ ಕಿವಿಗೆ ವಿಶ್ರಾಂತಿಯಿತ್ತು.

ಈ ಮಾತನ್ನು ನಮ್ಮ ನಾಲ್ಕು ತಾಲ್ಲೂಕುಗಳ ವಾದ್ಯಗಳಲ್ಲಿಯೂ ಕಾಣಬಹುದು. ಆಫ್ರಿಕದ ಮೂಲದಿಂದ ಬಂದು ಶತಮಾನಗಳಿಂದ ಈ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿಗಳು, ಡಮಾಮಿಯ ಸುತ್ತ ಹಾಡಿ ಕುಣಿಯುತ್ತಾರೆ. ಅದು ಮೆಲುದನಿಯ ವಾದ್ಯವಲ್ಲ. ಬಳಿ ನಿಂತವರ ಎದೆಗೂಡು ಅದಕ್ಕೆ ಓಗೊಡುತ್ತದೆ. ಆದರೆ ಅದು ನುಡಿಯುವುದು ಬಯಲಿನಲ್ಲಿ. ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು ಆರು ಡೆಸಿಬೆಲ್‌ನಷ್ಟು ಕುಗ್ಗುತ್ತದೆ. ತಿರುಗಿ ಮೇಲೆ ಬೀಳಲು ಗೋಡೆಯಿಲ್ಲ. ಬಾರಿಸುವವನ ಕೈ ದಣಿಯುತ್ತದೆ, ಇನ್ನೊಬ್ಬ ಕೈಗೆತ್ತಿಕೊಳ್ಳುತ್ತಾನೆ. ನಡುವೆ ಮಾತು, ನಗೆ, ಒಂದು ಲೋಟ ಚಹ. ಚರ್ಮದ ವಾದ್ಯಕ್ಕೆ ಚಳಿ ಹಿಡಿದರೆ ಬೆಂಕಿಯ ಕಾವು ಕೊಡಬೇಕು, ಅಷ್ಟು ಹೊತ್ತು ಮೌನ.

ಮುಂಡಗೋಡಿಗೆ ಬನ್ನಿ. 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆರಂಭವಾಯಿತು; ಮುಂದೆ ಲ್ಹಾಸಾದ ಸುತ್ತಿನ ಮಹಾಮಠಗಳಾದ ಡ್ರೆಪುಂಗ್ ಮತ್ತು ಗಂಡೆನ್‌ಗಳು ಇಲ್ಲಿ ಮತ್ತೆ ಕಟ್ಟಲ್ಪಟ್ಟವು. ಅಲ್ಲಿಯ ‘ದುಂಗ್‌ಚೆನ್’ ಎಂಬ ಕಹಳೆ ಆಳೆತ್ತರವನ್ನೂ ಮೀರಿದ್ದು. ಅದರ ಬಾಯನ್ನು ನೆಲಕ್ಕೋ ಆಸರೆಗೋ ಊರಿ ಊದುತ್ತಾರೆ. ಅದನ್ನು ಊದುವುದು ಜೋಡಿಯಾಗಿ. ಒಬ್ಬ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬನ ನಾದ ನಿಂತಿರುತ್ತದೆ. ಕೇಳುವವರಿಗೆ ಎಲ್ಲಿಯೂ ಕಡಿಯದ ಒಂದೇ ನಾದ. ಜೊತೆಯವನ ಉಸಿರು ಎಲ್ಲಿ ಮುಗಿಯುತ್ತದೆಂಬುದನ್ನು ಕೇಳಿಸಿಕೊಳ್ಳಬಲ್ಲವನೇ ಅಲ್ಲಿ ವಾದಕ. ಮೇಳ ಎಂಬ ನಮ್ಮ ಮಾತಿನ ಅರ್ಥವೂ ಅದೇ ಅಲ್ಲವೆ? ಕೂಡುವುದು, ಹೊಂದುವುದು. ಕೇಳದೆ ಕೂಡುವುದು ಹೇಗೆ?

ಕಂಪನಿ ನಾಟಕಗಳ ಕಾಲಕ್ಕೂ ಈ ಶಿಸ್ತು ನಡೆದುಬಂತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಿಂದ ಹಿಡಿದು ಉತ್ತರ ಕರ್ನಾಟಕದ ಅನೇಕ ಮಂಡಳಿಗಳವರೆಗೆ, ನಟರು ಮೈಕಿಲ್ಲದೆ ಹಾಡಿದರು. ರಂಗದ ಮುಂದೆ ಕಾಲಿನಿಂದ ತುಳಿಯುವ ಹಾರ್ಮೋನಿಯಂ, ಪಕ್ಕದಲ್ಲಿ ತಬಲ. ಕೊನೆಯ ಸಾಲಿನವನಿಗೂ ಮುಟ್ಟಬೇಕೆಂದು ನಟ ಏರುಶ್ರುತಿಯಲ್ಲಿ ಹಾಡುತ್ತಿದ್ದ. ವಾಮನರಾವ್ ಮಾಸ್ತರರ ಮಂಡಳಿಯಲ್ಲಿ ಬಾಲನಟರಾಗಿದ್ದ ಮಲ್ಲಿಕಾರ್ಜುನ ಮನಸೂರರು ಮುಂದೆ ಧಾರವಾಡದ ಆಕಾಶವಾಣಿಯ ಸಂಗೀತ ಸಲಹೆಗಾರರಾದರು; ಮೈಕಿಲ್ಲದ ರಂಗದಿಂದ ಮೈಕಿನ ಕೋಣೆಯವರೆಗಿನ ಅವರ ಪಯಣದಲ್ಲಿ ನಮ್ಮ ನಾದದ ಚರಿತ್ರೆಯೇ ಅಡಗಿದೆ. ಆ ಕಾಲದ ಕಷ್ಟವನ್ನು ಮರೆಯಬಾರದು. ಕಂಠ ಒಡೆದು ರಂಗ ಬಿಟ್ಟವರು ಎಷ್ಟೋ ಮಂದಿ. ಸಣ್ಣ ದನಿಯವರಿಗೆ ರಂಗವೇ ಇರಲಿಲ್ಲ. ಆದರೆ ಅಂದು ಪೆಟ್ಟು ಬೀಳುತ್ತಿದ್ದುದು ಗಂಟಲಿಗೆ, ಕಿವಿಗಲ್ಲ.

ಯಂತ್ರ ಬಂದದ್ದು ಅನಂತರ. ಜೆನ್ಸೆನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಧ್ವನಿವರ್ಧಕವನ್ನು ರೂಪಿಸಿ, 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಜನಸಮೂಹಕ್ಕೆ ಕೇಳಿಸಿದರು. ನಮ್ಮ ದೇಶದಲ್ಲಿ ಕಾಂಗ್ರೆಸ್ ಅಧಿವೇಶನಗಳಿಗೆ ಧ್ವನಿವರ್ಧಕ ಒದಗಿಸಿದ ಕೀರ್ತಿ ನಾನಿಕ್ ಮೋಟವಾನೆಯವರದು. ‘ಶಿಕಾಗೋ ರೇಡಿಯೋ’ ಎಂದು ಬರೆದ ಮೈಕು ನಮ್ಮ ನಾಯಕರ ಹಳೆಯ ಚಿತ್ರಗಳಲ್ಲೆಲ್ಲ ಕಾಣುತ್ತದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ತೆರೆದರು. 1950ರಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. ಪಿಸುಮಾತಿನಷ್ಟು ಮೆಲ್ಲಗೆ ಹಾಡಿದರೂ ಹಾಡು ಮನೆಮನೆಗೆ ಮುಟ್ಟುವುದು ಸಾಧ್ಯವಾಯಿತು. ಮಂದ್ರದ ಸೂಕ್ಷ್ಮಗಳು, ಉಸಿರಿನ ಎಳೆಗಳು, ಕೆಳದನಿಯ ಗಾಯಕರು ಎಲ್ಲಕ್ಕೂ ಎಡೆ ದೊರೆಯಿತು. ಇದು ಮೈಕಿನ ದೊಡ್ಡ ಉಪಕಾರ. ಮೈಕನ್ನು ಹಳಿಯಲು ನಾನು ಬಂದಿಲ್ಲ. ಈಗ ನಾನು ಮಾತಾಡುತ್ತಿರುವುದೂ ಅದರ ಮುಂದೆಯೇ.

ಕೆಡುಕು ಮೊದಲಾದದ್ದು, ದೂರದವರಿಗೆ ಕೇಳಿಸಲೆಂದು ಬಂದ ಯಂತ್ರ ರಂಗದ ಮೇಲಿನವರ ನಡುವೆಯೇ ಪೈಪೋಟಿ ಹೂಡಿದಾಗ. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ ಸುಮಾರು ಐವತ್ತೈದು ಸಾವಿರ ಜನರ ಮುಂದೆ ಹಾಡಿತು. ಜನರ ಕೂಗಿನಲ್ಲಿ ಹಾಡುಗಾರರಿಗೆ ತಮ್ಮ ಹಾಡೇ ಕೇಳಿಸಲಿಲ್ಲ. ಮರುವರ್ಷ ಅವರು ಊರೂರು ಸುತ್ತಿ ಹಾಡುವುದನ್ನೇ ಬಿಟ್ಟರು. ಅನಂತರ ಬಂದ ತಂಡಗಳು ಈ ಕಷ್ಟಕ್ಕೆ ಕಂಡುಕೊಂಡ ಮದ್ದು ಇನ್ನೂ ದೊಡ್ಡ ಯಂತ್ರ. ಜೊತೆಗೆ ಹಾಡುಗಾರನತ್ತ ಮುಖಮಾಡಿ ಅವನದೇ ದನಿಯನ್ನು ಅವನಿಗೆ ಕೇಳಿಸುವ ‘ಮಾನಿಟರ್’ ಸ್ಪೀಕರು. 1976ರಲ್ಲಿ ‘ದಿ ಹೂ’ ಎಂಬ ಇಂಗ್ಲಿಷ್ ತಂಡದ ಕಚೇರಿಯ ಸದ್ದು ಐವತ್ತು ಮೀಟರ್ ದೂರದಲ್ಲಿ 120 ಡೆಸಿಬೆಲ್ ಇತ್ತೆಂದು ಗಿನ್ನೆಸ್ ದಾಖಲೆಯಾಯಿತು. ಮುಂದೆ ಆ ಪುಸ್ತಕದವರೇ, ಕಿವಿ ಕೆಡಿಸುವ ಸ್ಪರ್ಧೆಗೆ ಕುಮ್ಮಕ್ಕು ಬೇಡವೆಂದು ಆ ವಿಭಾಗವನ್ನು ಕೈಬಿಟ್ಟರು. ಅದೇ ತಂಡದ ಪೀಟ್ ಟೌನ್‌ಶೆಂಡ್ ತನ್ನ ಶ್ರವಣ ಕೆಟ್ಟುದನ್ನು ಮುಚ್ಚಿಡದೆ ಹೇಳಿಕೊಂಡ. 1988ರಲ್ಲಿ ಸಂಗೀತಗಾರರ ಕಿವಿಯ ರಕ್ಷಣೆಗೆಂದು ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆಗೆ ಬೆಂಬಲ ಕೊಟ್ಟ.

ಅಷ್ಟು ದೂರದ ಗದ್ದಲ ನಮ್ಮ ಕಾಡಿನೂರುಗಳಿಗೆ ಹೇಗೆ ಬಂತು? ಸಿನಿಮಾ ಹಾಡಿನ ಮೂಲಕ ಬಂತು. 1950ರ ದಶಕದ ಕೊನೆಗೆ ದಾಂಡೇಲಿಯಲ್ಲಿ ಕಾಗದದ ಗಿರಣಿ ಕೆಲಸ ಆರಂಭಿಸಿದಾಗ ನಾನಾ ಕಡೆಯ, ನಾನಾ ಭಾಷೆಯ ಜನ ಅಲ್ಲಿ ಬಂದು ನೆಲೆಸಿದರು. ಕೂಡಿ ಬಾಳುವ ಊರಿಗೆ ಕೂಡಿ ಹಾಡುವ ಹಬ್ಬಗಳು ಬೇಕು. ನಾನು ವಿದ್ಯಾರ್ಥಿಯಾಗಿದ್ದ ಎಪ್ಪತ್ತರ ದಶಕದ ಕೊನೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ ಆರ್ಕೆಸ್ಟ್ರಾ ಎಂದರೆ ನಮಗೆ ಸ್ವರ್ಗ. ಒಂದು ಅಕಾರ್ಡಿಯನ್, ಒಂದು ಗಿಟಾರು, ಢೋಲಕ್ಕು, ಬೋಂಗೋ, ಮರಕ್ಕೆ ಕಟ್ಟಿದ ಎರಡು ಹಾರ್ನು. ಮುಂದೆ ಕೀಬೋರ್ಡು ಬಂತು, ಡ್ರಮ್ ಸೆಟ್ಟು ಬಂತು, ಆಳೆತ್ತರದ ಬಾಕ್ಸುಗಳು ಬಂದವು. ಈಗ ವಾದ್ಯವೇ ಇಲ್ಲದ ಡಿ.ಜೆ. ಮೆರವಣಿಗೆಯ ಮುಂದೆ ಸಾಗುತ್ತದೆ. ಇದರಲ್ಲಿ ನನ್ನ ಪಾಲೂ ಉಂಟು. ಕಾಲೇಜಿನ ಗ್ಯಾದರಿಂಗ್ ನಡೆಸುವ ಹೊಣೆ ಹೊತ್ತ ವರ್ಷಗಳಲ್ಲಿ, “ಏನಪಾ, ಹಿಂದ ಕೇಳಸವಲ್ದು, ಇನ್ನಷ್ಟ ಏರಸು” ಎಂದು ಮೈಕಿನವನಿಗೆ ಕೂಗಿ ಹೇಳಿದವನು ನಾನೇ.

ರಂಗದ ಮೇಲೆ ಸದ್ದು ಏಕೆ ಏರುತ್ತಲೇ ಹೋಗುತ್ತದೆ? ಇದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ಎಟಿಯೆನ್ ಲೊಂಬಾರ್ಡ್ ಎಂಬ ಫ್ರೆಂಚ್ ವೈದ್ಯ 1911ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದ. ಓದುತ್ತಿರುವವನ ಕಿವಿಯಲ್ಲಿ ಗದ್ದಲ ಎಬ್ಬಿಸಿದರೆ ಅವನು ತನಗರಿವಿಲ್ಲದೆಯೇ ದನಿ ಏರಿಸುತ್ತಾನೆ; ಗದ್ದಲ ನಿಂತರೆ ದನಿ ತಾನಾಗಿ ಇಳಿಯುತ್ತದೆ. ಸಂತೆಯಲ್ಲಿ ನಾವು ಕೂಗಿ ಮಾತಾಡುವುದು ಇದರಿಂದಲೇ. ರಂಗದ ಮೇಲೆ ಇದು ಸರಪಳಿಯಾಗುತ್ತದೆ. ಡ್ರಮ್ಮಿನವನು ಹಬ್ಬದ ಹುರುಪಿನಲ್ಲಿ ಗಟ್ಟಿಯಾಗಿ ಬಾರಿಸುತ್ತಾನೆ. ತನ್ನ ತಂತಿ ಕೇಳದ ಗಿಟಾರಿನವನು ಒಂದು ಗುಂಡಿ ತಿರುಗಿಸುತ್ತಾನೆ. ಕೀಬೋರ್ಡಿನವನು ತನ್ನದನ್ನು ತಿರುಗಿಸುತ್ತಾನೆ. ಹಾಡುಗಾರ್ತಿ ಮಾನಿಟರಿನಲ್ಲಿ ತನ್ನ ದನಿ ಬೇಕೆಂದು ಕೈಮಾಡುತ್ತಾಳೆ. ಮಾನಿಟರು ಏರಿದರೆ ಅದರ ಸದ್ದೇ ಮೈಕಿನೊಳಗೆ ಹೊಕ್ಕು, ಮತ್ತೆ ಸ್ಪೀಕರಿನಿಂದ ಬಂದು, ಮತ್ತೆ ಮೈಕಿಗೆ ಹೊಕ್ಕು ಸಿಳ್ಳೆಯಾಗಿ ಕೂಗುತ್ತದೆ. ಇಷ್ಟೆಲ್ಲ ಆದ ಮೇಲೆ ಡ್ರಮ್ಮಿನವನಿಗೆ ತನ್ನ ಪೆಟ್ಟು ಕೇಳುವುದಿಲ್ಲ. ಅವನು ಇನ್ನೂ ಗಟ್ಟಿಯಾಗಿ ಬಾರಿಸುತ್ತಾನೆ. ಎಲ್ಲರೂ ಏರಿಸಿದರು, ಯಾರಿಗೂ ಕೇಳಿಸಲಿಲ್ಲ. ಕೈಯಾಗಿದ್ದರೆ ದಣಿದು ನಿಲ್ಲುತ್ತಿತ್ತು, ವಿದ್ಯುತ್ತು ದಣಿಯುವುದಿಲ್ಲ.

ಸದ್ದಿನಿಂದ ಕಿವಿ ಕೆಡುತ್ತದೆಂಬುದು ಹೊಸ ಅರಿವೇನೂ ಅಲ್ಲ. ಇಟಲಿಯ ವೈದ್ಯ ರಾಮಾಜಿನಿ 1700ರಲ್ಲಿ ಕಸುಬಿನ ರೋಗಗಳ ಮೇಲೆ ಹೊರತಂದ ಗ್ರಂಥದಲ್ಲಿ, ದಿನವಿಡೀ ತಾಮ್ರ ಬಡಿಯುವ ಕಂಚುಗಾರರು ಕಿವುಡಾಗುವುದನ್ನು ವರ್ಣಿಸಿದ್ದಾನೆ. 1886ರಲ್ಲಿ ಗ್ಲಾಸ್ಗೋದ ಥಾಮಸ್ ಬಾರ್ ಎಂಬ ವೈದ್ಯ ಬಾಯ್ಲರ್ ಕಟ್ಟುವ ಕೆಲಸಗಾರರ ಕಿವಿಗಳನ್ನು ಪರೀಕ್ಷಿಸಿ ಅವರ ಶ್ರವಣ ಎಷ್ಟು ಕುಂದಿದೆಯೆಂದು ಅಳೆದು ತೋರಿಸಿದ. ಹೀಗೆ ಕಬ್ಬಿಣ ಬಡಿಯುವವನ ಕಿವಿಗೆ ಲೋಕ ಕನಿಕರ ತೋರಿಸಿತು. ಸಂಗೀತದ ಸದ್ದು ಮಾತ್ರ ಆನಂದದ ಸದ್ದಾದ್ದರಿಂದ ಅದು ಕೆಡುಕು ಮಾಡಲಾರದೆಂದು ಬಹುಕಾಲ ನಂಬಲಾಗಿತ್ತು. ಆದರೆ ಒಳಗಿವಿಗೆ ಈ ಭೇದ ತಿಳಿಯದು. ಅಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಗೂಡಿನೊಳಗೆ ಹದಿನೈದು ಸಾವಿರದಷ್ಟು ಸೂಕ್ಷ್ಮ ರೋಮಕೋಶಗಳಿವೆ. ಜೋರು ಸದ್ದಿಗೆ ಅವು, ಮಳೆಗಾಳಿಗೆ ಭತ್ತದ ಪೈರು ಮಲಗುವಂತೆ, ಬಾಗುತ್ತವೆ. ಸ್ವಲ್ಪ ಬಾಗಿದರೆ ರಾತ್ರಿ ಕಳೆದು ಎದ್ದುನಿಲ್ಲಬಹುದು. ಕಚೇರಿ ಮುಗಿದ ರಾತ್ರಿ ಕಿವಿ ಗುಂಯ್‌ಗುಟ್ಟಿ ಬೆಳಗಿಗೆ ಸರಿಹೋಗುವುದು ಇದರಿಂದ. ಮತ್ತೆ ಮತ್ತೆ ಬಿದ್ದರೆ ಸಾಯುತ್ತವೆ. ಮನುಷ್ಯನಲ್ಲಿ ಸತ್ತ ರೋಮಕೋಶ ಮತ್ತೆ ಮೊಳೆಯುವುದಿಲ್ಲ. ಕೆಲವರಿಗೆ ಆ ಗುಂಯ್‌ಕಾರವೇ ಜೀವಮಾನದ ಸಂಗಾತಿಯಾಗಿ ಉಳಿಯುತ್ತದೆ.

ಎಷ್ಟು ಸದ್ದು ಎಷ್ಟು ಹೊತ್ತು ಎಂಬುದಕ್ಕೆ ತಜ್ಞರು ಒಂದು ಲೆಕ್ಕ ಹಾಕಿದ್ದಾರೆ, ಕಷ್ಟದ್ದೇನಲ್ಲ, ಮನಸ್ಸಿನಲ್ಲಿಡಬಹುದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುವುದರಿಂದ ಹೊತ್ತು ಅರ್ಧವಾಗುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಡ್ರಮ್ ಸೆಟ್ಟಿನ ಬಳಿ ನೂರು ದಾಟುವುದು ಅಪರೂಪವಲ್ಲ. ನನ್ನ ವಿದ್ಯಾರ್ಥಿ ಒಂದು ರಾತ್ರಿಗೆ ನಾಲ್ಕು ತಾಸು, ಹಬ್ಬದ ದಿನಗಳಲ್ಲಿ ಸಾಲಾಗಿ ಹತ್ತು ರಾತ್ರಿ ಬಾರಿಸುತ್ತಿದ್ದ. ಲೆಕ್ಕ ನೀವೇ ಹಾಕಿಕೊಳ್ಳಿ.

ಕಾನೂನು ಇಲ್ಲವೆ ಎಂದು ಕೇಳಬಹುದು. ಇದೆ. ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಜಾರಿಗೆ ಬಂದವು. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸಬಾರದು. ಹಬ್ಬಗಳಿಗೆಂದು ರಾಜ್ಯ ಸರ್ಕಾರ ವರ್ಷದಲ್ಲಿ ಹದಿನೈದು ದಿನ ಮೀರದಂತೆ ಹನ್ನೆರಡರವರೆಗೆ ಸಡಿಲಿಸಬಹುದು. ವಸತಿಯ ಬೀದಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. 2005ರ ಜುಲೈ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮಾತಾಡುವ ಹಕ್ಕಿದ್ದರೂ ಅದನ್ನು ಯಂತ್ರದಿಂದ ಹಿಗ್ಗಿಸಿ ಒಲ್ಲದವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲವೆಂಬ ನಿಲುವು ತಳೆಯಿತು. ಇದೆಲ್ಲ ಒಳ್ಳೆಯದೇ. ಕಾಡುಪ್ರಾಣಿಗಳ ನೆಲೆಯಾದ ನಮ್ಮ ಸೀಮೆಗೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿಗೆ, ಇದು ಇನ್ನೂ ಅಗತ್ಯ. ಆದರೆ ಈ ನಿಯಮಗಳು ಕಾಯುವುದು ನೆರೆಯವನ ನಿದ್ದೆಯನ್ನು. ಅಳತೆ ನಡೆಯುವುದು ಬೇಲಿಯ ಬಳಿ. ಬೇಲಿಯ ಒಳಗೆ, ಸ್ಪೀಕರಿನ ಮುಂದೆ, ಹೊಟ್ಟೆಪಾಡಿಗಾಗಿ ನಿಂತ ಹುಡುಗನ ಕಿವಿಯನ್ನು ಅಳೆಯುವವರು ಯಾರು?

ಹೊರಗಿನ ಲೋಕ ಈ ಪ್ರಶ್ನೆಯನ್ನು ತಡವಾಗಿಯಾದರೂ ಎತ್ತಿಕೊಂಡಿದೆ. 2018ರಲ್ಲಿ ಲಂಡನ್ನಿನ ರಾಯಲ್ ಒಪೆರಾ ಹೌಸ್ ವಿರುದ್ಧ ವಯೋಲಾ ವಾದಕನೊಬ್ಬ ಹೂಡಿದ್ದ ಮೊಕದ್ದಮೆ ಅವನ ಪರವಾಯಿತು. ಹಿತ್ತಾಳೆ ವಾದ್ಯಗಳ ಸಾಲಿನ ಮುಂದೆ ಕೂರಿಸಿದ್ದರಿಂದ ತಾಲೀಮಿನಲ್ಲಿಯೇ ಅವನ ಕಿವಿ ಕೆಟ್ಟಿತ್ತು. ಅಲ್ಲಿ ವಿದ್ಯುತ್ತಿನ ಸ್ಪೀಕರು ಇರಲಿಲ್ಲವೆಂಬುದನ್ನು ಗಮನಿಸಬೇಕು; ಯಾರು ಎಲ್ಲಿ ಕೂರುತ್ತಾರೆಂಬುದೇ ಮುಖ್ಯವಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸಂಗೀತ ನಡೆಯುವ ಸ್ಥಳಗಳಿಗೆ ಸರಾಸರಿ 100 ಡೆಸಿಬೆಲ್ ಮೀರಬಾರದೆಂಬ ಮಿತಿಯನ್ನು ಹೇಳಿ, ಅಳೆಯುವ ಉಪಕರಣ, ಕಿವಿಬೆಣೆ, ಕೇಳುಗರಿಗೆ ಸದ್ದಿಲ್ಲದ ವಿಶ್ರಾಂತಿಯ ಜಾಗ ಇವನ್ನೂ ಸೂಚಿಸಿತು. ನಮ್ಮ ನಾಡಿನಲ್ಲಿಯೇ, ಮೈಸೂರಿನಲ್ಲಿ, 1965ರಿಂದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಅಷ್ಟು ವರ್ಷಗಳಿಂದ ಕಿವಿಯ ವಿದ್ಯೆಗೆ ಒಂದು ಮನೆ ನಮ್ಮಲ್ಲಿದ್ದರೂ, ಕನ್ನಡದ ಪಾಠ ಹೇಳುವ ನನ್ನಂಥವನು ಅದರ ಮೊದಲ ಅಕ್ಷರವನ್ನೂ ಕಲಿತಿರಲಿಲ್ಲ.

ಕಲಿಸಿದವನು ಆ ವಿದ್ಯಾರ್ಥಿಯೇ. ಡ್ರಮ್ಮು ಬಿಟ್ಟ ಮೇಲೆ ಅವನು ಸಾಲ ಮಾಡಿ ಒಂದು ಮೈಕ್‌ಸೆಟ್ಟು ಇಟ್ಟುಕೊಂಡ. ಕಳೆದ ವರ್ಷ ಊರಿನ ಸಭಾಭವನದಲ್ಲಿ ಒಂದು ಸಂಗೀತ ಕಾರ್ಯಕ್ರಮಕ್ಕೆ ಅವನದೇ ವ್ಯವಸ್ಥೆ. ನಾನು ಸಂಜೆಯ ಮೊದಲೇ ಹೋಗಿ ಮೂಲೆಯಲ್ಲಿ ಕುಳಿತು ನೋಡಿದೆ. ಅವನು ಮೊದಲು ಹಾಡುವ ಹುಡುಗಿಯನ್ನು ಮೈಕಿಲ್ಲದೆ ಹಾಡಿಸಿದ. ಡ್ರಮ್ಮಿನವನಿಗೆ, “ತಮ್ಮಾ, ಆಕೀ ದನಿ ನಿನಗ ಕೇಳಬೇಕು, ಅಷ್ಟ ಬಾರಸು” ಎಂದ. ಡ್ರಮ್ಮಿನ ಹಿಂದಿನ ಗೋಡೆಗೆ ದಪ್ಪನೆಯ ಜಮಖಾನೆ ಇಳಿಬಿಟ್ಟ. ಮುಂಭಾಗದ ತೊಗಲಿನೊಳಗೆ ಒಂದು ಹಳೆಯ ಕಂಬಳಿ ತುಂಬಿದ. ಗಿಟಾರಿನ ಪೆಟ್ಟಿಗೆ ನೆಲದ ಮೇಲೆ ಅವನ ಮೊಣಕಾಲಿಗೆ ಹಾಡುತ್ತಿತ್ತು. ಅದನ್ನು ಕುರ್ಚಿಯ ಮೇಲಿಟ್ಟು ಅವನ ಕಿವಿಯತ್ತ ಓರೆಮಾಡಿದ. ಕಿವಿಗೆ ನೇರವಾಗಿ ಬಂದ ಮೇಲೆ ಗಿಟಾರಿನವನು ತಾನಾಗಿಯೇ ಗುಂಡಿಯನ್ನು ಅರ್ಧ ಇಳಿಸಿದ. ಹಾಡುವ ಮೈಕು ಹಿಂದಿನಿಂದ ಬರುವ ಸದ್ದನ್ನು ಕಡಿಮೆ ಹಿಡಿಯುವ ಬಗೆಯದು. ಅದರ ಬೆನ್ನಿಗೆ ಸರಿಯಾಗಿ ಮಾನಿಟರನ್ನು ಇಟ್ಟ. ದೊಡ್ಡ ಬಾಕ್ಸುಗಳನ್ನು ಮೇಳಕ್ಕಿಂತ ಮುಂದಕ್ಕೆ, ಎತ್ತರಕ್ಕೆ, ಜನರತ್ತ ಮುಖಮಾಡಿ ನಿಲ್ಲಿಸಿದ. ಹಾಡುಗಾರ್ತಿ ಇನ್ನಷ್ಟು ಏರಿಸೆಂದಾಗಲೆಲ್ಲ ಅವಳದನ್ನು ಏರಿಸುವ ಬದಲು ಉಳಿದವರದನ್ನು ಒಂದಿಷ್ಟು ಇಳಿಸಿದ. ಅವಳಿಗೆ ಅಷ್ಟೇ ಸಾಕಾಯಿತು.

ಕೊನೆಗೆ ಜೇಬಿನಿಂದ ಚಿಕ್ಕ ಡಬ್ಬಿ ತೆಗೆದು ಎಲ್ಲರಿಗೂ ಕಿವಿಬೆಣೆ ಹಂಚಿದ. ಗ್ರೀಕರ ಪುರಾಣದಲ್ಲಿ ಮೋಹಿನಿಯರ ಗಾನದಿಂದ ಉಳಿಯಲು ಒಡಿಸ್ಯೂಸನ ನಾವಿಕರು ಕಿವಿಗೆ ಮೇಣ ತುಂಬಿಕೊಂಡರು; ಅವರಿಗೆ ಏನೂ ಕೇಳಿಸಲಿಲ್ಲ. ಸಾಮಾನ್ಯ ಸ್ಪಂಜಿನ ಬೆಣೆಯ ದೋಷವೂ ಸುಮಾರು ಅದೇ. ಅದು ಮೇಲುಸ್ವರಗಳನ್ನು ಹೆಚ್ಚು ನುಂಗಿ ಹಾಡನ್ನು ಮಂಕಾಗಿಸುತ್ತದೆ. 1980ರ ದಶಕದ ಕೊನೆಯಲ್ಲಿ ಸಂಗೀತಗಾರರಿಗೆಂದೇ ಬಂದ ಬೆಣೆಗಳು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮನಾಗಿ ತಗ್ಗಿಸುತ್ತವೆ. ಹದಿನೈದು ಡೆಸಿಬೆಲ್ ತಗ್ಗಿಸುವ ಬೆಣೆಯನ್ನು ಸರಿಯಾಗಿ ಇಟ್ಟುಕೊಂಡರೆ 100 ಎಂಬುದು 85 ಆಗುತ್ತದೆ. ಹಿಂದೆ ಹೇಳಿದ ಲೆಕ್ಕದಲ್ಲಿ ಕಾಲು ಗಂಟೆ ಎಂಟು ಗಂಟೆಯಾಯಿತು. ಬೆಣೆಯೊಂದೇ ಸಾಲದೆಂದೂ ಅವನು ಹೇಳಿದ. ಹಾಡುಗಳ ನಡುವೆ ಹತ್ತು ನಿಮಿಷ ಬಿಡುವು, ಸ್ಪೀಕರಿನ ಮುಂದೆ ನಿಲ್ಲದಿರುವುದು, ವರ್ಷಕ್ಕೊಮ್ಮೆ ಕಿವಿಯ ಪರೀಕ್ಷೆ, ಕಿವಿ ಗುಂಯ್‌ಗುಟ್ಟಿದರೆ ಮರುದಿನ ಕೋಲು ಮುಟ್ಟದಿರುವುದು. ತನಗೆ ಯಾರೂ ಹೇಳದಿದ್ದುದನ್ನು ಅವನು ಆ ಹುಡುಗರಿಗೆ ಹೇಳುತ್ತಿದ್ದ.

ಅಂದು ಕೊನೆಯ ಸಾಲಿನಲ್ಲಿ ಕುಳಿತ ನನಗೆ ಹಾಡಿನ ಒಂದೊಂದು ಅಕ್ಷರವೂ ತಿಳಿಯಿತು. ಬಹಳ ವರ್ಷಗಳಿಂದ ಆರ್ಕೆಸ್ಟ್ರಾದಲ್ಲಿ ಸಾಹಿತ್ಯ ನನಗೆ ತಿಳಿದದ್ದೇ ಇಲ್ಲ; ಅದಕ್ಕೆ ಹಾಡುವವರ ಉಚ್ಚಾರವನ್ನು ನಾನು ದೂರುತ್ತಿದ್ದೆ. ಅಲ್ಲಿಯೂ ನನ್ನದು ಅದೇ ತಪ್ಪು.

ಭರತಮುನಿ ಮಂಟಪವನ್ನು ಕಂಠಕ್ಕೆ ಅಳೆದ. ಮುಂಡಗೋಡಿನ ಭಿಕ್ಷು ತನ್ನ ಉಸಿರನ್ನು ಜೊತೆಯವನ ಉಸಿರಿಗೆ ಅಳೆಯುತ್ತಾನೆ. ನಮ್ಮ ಜಾತ್ರೆಯ ರಂಗದಲ್ಲಿಯೂ ಯಂತ್ರವನ್ನು ಕಿವಿಗೆ ಅಳೆಯುವುದು ಆಗದ ಮಾತಲ್ಲವೆಂದು ನಾನು ಕಣ್ಣಾರೆ ಕಂಡೆ. ಅದಕ್ಕೆ ಬೇಕಾದದ್ದು ಒಂದು ಜಮಖಾನೆ, ಒಂದು ಕುರ್ಚಿ, ಹತ್ತಿಪ್ಪತ್ತು ನಿಮಿಷದ ತಾಳ್ಮೆ. ಮತ್ತು ಸಭೆಯ ಹಿಂದಿನಿಂದ “ಏರಸು” ಎಂದು ಕೂಗುವ ನನ್ನಂಥ ಹಿರಿಯರು ಸ್ವಲ್ಪ ಮುಂದೆ ಬಂದು ಕುಳಿತುಕೊಳ್ಳುವುದು.

ಕಾರ್ಯಕ್ರಮ ಮುಗಿದ ಮೇಲೆ ನಾನು ಅವನ ಬಳಿ ಹೋಗಿ, ಅಂದು ತರಗತಿಯಲ್ಲಿ ನಕ್ಕದ್ದಕ್ಕೆ ಕ್ಷಮೆ ಕೇಳಿದೆ. ವೈರು ಸುತ್ತುತ್ತಿದ್ದ ಅವನು ನನ್ನ ತುಟಿಗಳನ್ನೇ ನೋಡುತ್ತ, “ಇನ್ನೊಮ್ಮೆ ಹೇಳ್ರಿ ಸರ, ಕೇಳಸಲಿಲ್ಲ” ಎಂದ. ನಾನು ಎದುರಿಗೆ ನಿಂತು, ನಿಧಾನವಾಗಿ, ಇನ್ನೊಮ್ಮೆ ಹೇಳಿದೆ.